ವ್ಯಸನಮುಕ್ತಿಯ ಚಿಕಿತ್ಸೆಗೆ ವಿಮೆಯ ಆಸರೆ: ಮುಂಬಯಿ ಕನ್ನಡಿಗರು ಅರಿತಿರಬೇಕಾದ ಸಂಗತಿಗಳು

ಹೊಟ್ಟೆಪಾಡನ್ನು ಅರಸಿ ಘಟ್ಟದ ಮೇಲಿನಿಂದಲೂ ಕೆಳಗಿನಿಂದಲೂ ಮುಂಬಯಿಗೆ ಬಂದ ಕನ್ನಡಿಗರು ಈ ಮಹಾನಗರಿಯಲ್ಲಿ ಸಂಘಗಳನ್ನು ಕಟ್ಟಿದರು, ರಾತ್ರಿಶಾಲೆಗಳನ್ನು ತೆರೆದರು, ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೈಲಾದಷ್ಟು ಹಣವನ್ನು ಕಳುಹಿಸುತ್ತ ಬಂದರು. ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳನ್ನು ಕುರಿತ ಲೇಖನಗಳಿಗೆ ಎಂದೂ ಕೊರತೆಯಿಲ್ಲ. ಆದರೆ ಒಂದು ವ್ಯಾಧಿಯ ಹೆಸರನ್ನು ಮಾತ್ರ ಸಭೆಯಲ್ಲಿ ಯಾರೂ ಎತ್ತುವುದಿಲ್ಲ. ಅದರಿಂದ ಸತ್ತವನ ಶ್ರದ್ಧಾಂಜಲಿಯಲ್ಲಿಯೂ ‘ಅಲ್ಪಕಾಲದ ಅಸೌಖ್ಯ’ ಎಂದೇ ಅಚ್ಚಾಗುತ್ತದೆ. ಅದು ಮದ್ಯವ್ಯಸನ.

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಬಹುದು. ಕುಂದಾಪುರದ ಕಡೆಯ ಒಬ್ಬ ತರುಣ ಹದಿನಾರರ ವಯಸ್ಸಿನಲ್ಲಿ ಕುರ್ಲಾದ ಹೋಟೆಲೊಂದಕ್ಕೆ ಬಂದು, ಮೇಜು ಒರೆಸುವುದರಿಂದ ಪ್ರಾರಂಭಿಸಿ ಇಪ್ಪತ್ತು ವರ್ಷಗಳಲ್ಲಿ ಬಾರಿನ ಕೌಂಟರಿನ ತನಕ ಏರಿದ್ದಾನೆ. ರಾತ್ರಿ ಒಂದು ಗಂಟೆಗೆ ಡ್ಯೂಟಿ ಮುಗಿದ ಮೇಲೆ ಮೈಕೈ ನೋವಿಗೆಂದು ತೊಡಗಿದ ಕುಡಿತ ಈಗ ಬೆಳಗ್ಗೆ ಕೈನಡುಕ ನಿಲ್ಲಿಸಲು ಬೇಕೇಬೇಕು ಎಂಬಲ್ಲಿಗೆ ಬಂದು ನಿಂತಿದೆ. ಹೆಂಡತಿ ಮಕ್ಕಳು ಊರಿನಲ್ಲಿ. ಅವನ ಸಂಬಳದಿಂದ ತಿಂಗಳು ತಿಂಗಳು ವಿಮೆಯ ವಂತಿಗೆ ಕಡಿತವಾಗುತ್ತಲೇ ಇದೆ; ಆದರೆ ಆ ವಂತಿಗೆಗೂ ಈ ನಡುಕಕ್ಕೂ ಸಂಬಂಧವಿರಬಹುದೆಂದು ಅವನಿಗೆ ಹೇಳಿದವರಿಲ್ಲ. ಸಂಬಂಧಿಕರು ಚಂದಾ ಎತ್ತಿ ಯಾವುದೋ ಖಾಸಗಿ ಕೇಂದ್ರಕ್ಕೆ ಸಾವಿರಾರು ರೂಪಾಯಿ ತೆತ್ತು ಸೇರಿಸುತ್ತಾರೆ. ಹಣ ತೀರಿದಾಗ ಚಿಕಿತ್ಸೆಯೂ ತೀರುತ್ತದೆ. ಹೀಗೆ ನಡೆಯಬೇಕಾದ ಅವಶ್ಯಕತೆ ಬಹುಮಟ್ಟಿಗೆ ಇಲ್ಲವೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ದುರ್ಗುಣವೋ ರೋಗವೋ?

ಚಿಕಿತ್ಸೆಯ ಖರ್ಚನ್ನು ವಿಮೆ ಭರಿಸಬೇಕಾದರೆ ಮೊದಲು ಅದು ರೋಗವೆಂದು ಒಪ್ಪಿಗೆಯಾಗಬೇಕು. ಅಮೆರಿಕದ ವೈದ್ಯಸಂಘವು 1956ರಲ್ಲಿಯೇ ಮದ್ಯಾಸಕ್ತಿಯನ್ನು ಆಸ್ಪತ್ರೆಯಲ್ಲಿ ಉಪಚರಿಸತಕ್ಕ ವ್ಯಾಧಿಯೆಂದು ಅಂಗೀಕರಿಸಿತು. ಭಾರತದಲ್ಲಿ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ‘ಮಾನಸಿಕ ಅಸ್ವಾಸ್ಥ್ಯ’ ಎಂಬ ಪದವನ್ನು ವಿವರಿಸುವಾಗ, ಮದ್ಯ ಹಾಗೂ ಮಾದಕ ದ್ರವ್ಯಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಅದರಲ್ಲಿ ಸೇರಿಸಿತು. ಈ ಒಂದು ಸಾಲಿನ ಬೆಲೆ ಎಷ್ಟೆಂಬುದು ಮುಂದೆ ತಿಳಿದೀತು.

ವೈದ್ಯರು ಇದನ್ನು ಗುರುತಿಸುವ ಲಕ್ಷಣಗಳು ಸರಳವಾಗಿವೆ. ಕುಡಿಯಲೇಬೇಕೆಂಬ ತಡೆಯಲಾರದ ಹಂಬಲ. ಒಮ್ಮೆ ತೊಡಗಿದರೆ ಅಳತೆಯಲ್ಲಿ ನಿಲ್ಲಿಸಲಾರದ ಅಸಹಾಯಕತೆ. ಮೊದಲಿನ ನಶೆಗೆ ಈಗ ಇಮ್ಮಡಿ ಪ್ರಮಾಣ ಬೇಕಾಗುವುದು. ಕುಡಿಯದಿದ್ದರೆ ನಡುಕ, ಬೆವರು, ನಿದ್ರಾಹೀನತೆ. ಮನೆ, ಕೆಲಸ, ಊಟಗಳೆಲ್ಲ ಹಿಂದೆ ಸರಿದು ಬಾಟಲಿಯೊಂದೇ ಮುಂದೆ ನಿಲ್ಲುವುದು. ಕೇಡಾಗುತ್ತಿದೆಯೆಂದು ಕಂಡೂ ಬಿಡಲಾರದಿರುವುದು. ಇವುಗಳಲ್ಲಿ ಮೂರು ಒಂದೇ ವರ್ಷದಲ್ಲಿ ಒಟ್ಟಾಗಿ ಕಂಡರೆ ಅದು ಅವಲಂಬನೆಯ ರೋಗ. ಬುದ್ಧಿವಾದ, ಆಣೆ, ಹರಕೆಗಳು ಆ ಹಂತದಲ್ಲಿ ಸಾಲುವುದಿಲ್ಲ.

ಈ ರೋಗದ ವ್ಯಾಪ್ತಿಯನ್ನು ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ಪರವಾಗಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯು 2018ರಲ್ಲಿ ದೇಶದಾದ್ಯಂತ ಅಳೆದು 2019ರಲ್ಲಿ ಪ್ರಕಟಿಸಿತು. ಮದ್ಯದ ಮೇಲೆ ಅವಲಂಬಿತರಾದವರು 2.9 ಕೋಟಿ, ಅವರಲ್ಲಿ ಯಾವುದೇ ಬಗೆಯ ಚಿಕಿತ್ಸೆ ದೊರೆತವನು 38ರಲ್ಲಿ ಒಬ್ಬ, ಆಸ್ಪತ್ರೆಗೆ ಸೇರಿ ಉಪಚಾರ ಪಡೆದವನು 180ರಲ್ಲಿ ಒಬ್ಬ. ಬೇರೆ ಯಾವ ರೋಗದಲ್ಲಿಯಾದರೂ ಇಂಥ ಅಂಕಿ ಬಂದಿದ್ದರೆ ಪತ್ರಿಕೆಗಳು ಗದ್ದಲವೆಬ್ಬಿಸುತ್ತಿದ್ದವು.

ಮುಂಬಯಿಯ ಮಟ್ಟಿಗೆ ಇನ್ನೊಂದು ವಿಚಿತ್ರವೂ ಉಂಟು. 1949ರ ಮುಂಬಯಿ ಪಾನನಿರೋಧ ಕಾಯಿದೆಯ ಕಾಲದಿಂದ ಇಲ್ಲಿ ಕುಡಿಯಲು ಪರವಾನಗಿ ಬೇಕು. ಬಾರುಗಳ ಹಲಗೆಯ ಮೇಲೆ ಇಂದಿಗೂ ‘ಪರ್ಮಿಟ್ ರೂಮ್’ ಎಂದೇ ಬರೆದಿರುತ್ತದೆ. ಆ ಪರ್ಮಿಟ್ ರೂಮುಗಳ ಒಡೆಯರಲ್ಲಿಯೂ ಕೆಲಸಗಾರರಲ್ಲಿಯೂ ಕರಾವಳಿ ಕನ್ನಡಿಗರ ಸಂಖ್ಯೆ ದೊಡ್ಡದು. ಆದುದರಿಂದ ಸಂಘದ ವೇದಿಕೆಯಲ್ಲಿ ಈ ವಿಷಯಕ್ಕೆ ಬಂದಾಗ ಗಂಟಲು ಕಟ್ಟುವುದು ಸಹಜವೇ. ಆದರೆ ಮದ್ಯವನ್ನು ಮಾರುವವನು ಆ ಉದ್ಯಮದಲ್ಲಿ ಬೀಳುವ ಕೆಲಸಗಾರನ ಚಿಕಿತ್ಸೆಗೆ ದಾರಿ ತೋರಿಸಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ತಟಕ್ಕನೆ ನಿಲ್ಲಿಸುವುದರ ಅಪಾಯ

ವಿಮೆಯ ವಿಚಾರಕ್ಕೆ ಮುನ್ನ ಒಂದು ಎಚ್ಚರಿಕೆ ಅತ್ಯಗತ್ಯ. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ನಡುಕ ತೊಡಗುತ್ತದೆ. ಮೊದಲ 48 ಗಂಟೆಗಳೊಳಗೆ ಅಪಸ್ಮಾರದಂಥ ಸೆಳವು ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಇಲ್ಲದ್ದು ಕಾಣುತ್ತದೆ, ದಿಕ್ಕುದೆಸೆ ತಿಳಿಯುವುದಿಲ್ಲ, ಜ್ವರವೂ ಎದೆಬಡಿತವೂ ಏರುತ್ತವೆ. ಉಪಚಾರವಿಲ್ಲದಿದ್ದರೆ ಇದು ಪ್ರಾಣಾಂತಿಕ.

ಮುಂಬಯಿ ಕನ್ನಡಿಗರ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ಒಂದು ಉಪಾಯವು ಇಲ್ಲಿ ಅಪಾಯವಾಗಿ ಪರಿಣಮಿಸುತ್ತದೆ. ‘ಊರಿಗೆ ಕಳುಹಿಸಿದರೆ ಸರಿಹೋದಾನು’ ಎಂದು ಕುಡುಕನನ್ನು ರೈಲು ಹತ್ತಿಸುತ್ತಾರೆ. ಹಿಂದೆ ಬಸ್ಸು, 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ತಿಯಾದ ಬಳಿಕ ರೈಲು. ಹೊರಡುವ ಮುನ್ನ ಕೊನೆಯ ಗುಟುಕು. ದಾರಿಯಲ್ಲಿ ಹನಿಯೂ ಇಲ್ಲ. ಸೆಳವಿನ ಗಂಟೆಗಳು ಸುರಂಗಗಳ ನಡುವೆ ಓಡುವ ಬೋಗಿಯಲ್ಲಿಯೋ, ಊರಿನ ಮನೆಯಲ್ಲಿ ವಯಸ್ಸಾದ ತಾಯಿಯೊಬ್ಬಳೇ ಇರುವಾಗಲೋ ಒದಗಿಬರುತ್ತವೆ. ಊರಿಗೆ ಹೋಗುವುದೇ ಆದರೆ ಮುಂಬಯಿಯ ಆಸ್ಪತ್ರೆಯಲ್ಲಿ ಮೊದಲ ವಾರದ ಚಿಕಿತ್ಸೆ ಮುಗಿಸಿ ಹೋಗುವುದು ಲೇಸು.

ಆ ಮೊದಲ ವಾರದ ಚಿಕಿತ್ಸೆ ದುಬಾರಿಯದಲ್ಲ ಎಂಬುದನ್ನು ಗಮನಿಸಬೇಕು. ಕ್ಲೋರ್‌ಡಯಜೆಪಾಕ್ಸೈಡ್ ಅಥವಾ ಲೋರಜೆಪಾಮ್‌ನಂತಹ ಶಾಮಕ ಔಷಧಿಯನ್ನು ಕೊಟ್ಟು ದಿನದಿನಕ್ಕೆ ಇಳಿಸುತ್ತ ಬರುವುದು, ಬಿ-1 ಜೀವಸತ್ತ್ವವಾದ ಥಯಮಿನನ್ನು ಧಾರಾಳವಾಗಿ ಕೊಡುವುದು, ನೀರಿನಂಶವನ್ನು ಕಾಪಾಡುವುದು, ಇಷ್ಟೇ ಅದರ ಸಾರ. ಥಯಮಿನನ್ನು ಕೊಡದೆ ಬರಿಯ ಗ್ಲೂಕೋಸನ್ನು ಏರಿಸಿದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ಆದ್ದರಿಂದ ಓಣಿಯ ದವಾಖಾನೆಯಲ್ಲಿ ‘ಒಂದು ಬಾಟಲಿ ಏರಿಸಿ’ ಎಂದು ಕೇಳಿಕೊಳ್ಳುವ ಅಭ್ಯಾಸ ಒಳ್ಳೆಯದಲ್ಲ. ನಂತರ ತಿಂಗಳುಗಟ್ಟಲೆ ಹಂಬಲವನ್ನು ತಗ್ಗಿಸಲು ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್ ಮುಂತಾದ ಮಾತ್ರೆಗಳಿವೆ. ಡೆನ್ಮಾರ್ಕಿನ ಸಂಶೋಧಕರು 1940ರ ದಶಕದ ಕೊನೆಯಲ್ಲಿ ಬೆಳಕಿಗೆ ತಂದ ಡೈಸಲ್ಫಿರಮ್ ಬೇರೆ ಬಗೆಯದು: ಅದನ್ನು ನುಂಗಿದವನು ಕುಡಿದರೆ ವಾಂತಿ, ಎದೆಬಡಿತ, ಉಸಿರುಗಟ್ಟುವಿಕೆ ತೊಡಗುತ್ತವೆ. ರೋಗಿಯ ಒಪ್ಪಿಗೆಯಿಂದ, ವೈದ್ಯರ ಕಣ್ಗಾವಲಿನಲ್ಲಿ ಮಾತ್ರ ಅದನ್ನು ಕೊಡತಕ್ಕದ್ದು. ‘ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿಕೊಡಿ’ ಎಂದು ಲೋಕಲ್ ರೈಲಿನ ಗೋಡೆಗಳ ಮೇಲೆ ಜಾಹೀರಾತು ಅಂಟಿಸುವವರ ಪುಡಿಗಳನ್ನು ತಂದು ಗುಟ್ಟಾಗಿ ಉಣಿಸಿದ ಮನೆಯವರು ಜೀವದೊಡನೆ ಆಟವಾಡುತ್ತಾರೆ.

ನಗರಸಭೆಯ ಆಸ್ಪತ್ರೆಗಳು

ಯಾವ ವಿಮೆಯ ಕಾರ್ಡೂ ಇಲ್ಲದವನಿಗೆ ಮುಂಬಯಿಯಲ್ಲಿ ತೆರೆದಿರುವ ಬಾಗಿಲೆಂದರೆ ಮಹಾನಗರಪಾಲಿಕೆಯ ದೊಡ್ಡ ಆಸ್ಪತ್ರೆಗಳು: ಪರೇಲಿನ ಕೆ.ಇ.ಎಂ., ಮುಂಬಯಿ ಸೆಂಟ್ರಲಿನ ನಾಯರ್, ಸಾಯನಿನ ಲೋಕಮಾನ್ಯ ತಿಲಕ್. ರಾಜ್ಯ ಸರಕಾರದ ಜೆ.ಜೆ. ಆಸ್ಪತ್ರೆ ಭಾಯಖಳಾದಲ್ಲಿದೆ. ಈ ನಾಲ್ಕರಲ್ಲಿಯೂ ಮನೋವೈದ್ಯ ವಿಭಾಗಗಳಿವೆ. ವ್ಯಸನದ ರೋಗಿಗಳನ್ನು ನೋಡುವುದು ಅವುಗಳ ನಿತ್ಯದ ಕೆಲಸ. ಅತ್ಯಲ್ಪ ಶುಲ್ಕದ ಕೇಸ್ ಪೇಪರನ್ನು ಮಾಡಿಸಿ ಬೆಳಗಿನ ಹೊರರೋಗಿ ವಿಭಾಗದಲ್ಲಿ ಕುಳಿತರಾಯಿತು. ಸರದಿ ಉದ್ದ, ಹಾಸಿಗೆ ಕಡಿಮೆ, ನಿಜ. ಆದರೆ ಬಹುಪಾಲು ರೋಗಿಗಳಿಗೆ ಹಾಸಿಗೆಯೇ ಬೇಕಾಗುವುದಿಲ್ಲ. ಹಿಂದೆ ಸೆಳವು ಅಥವಾ ಸನ್ನಿ ಬಂದಿರದವನು, ಜೊತೆಗೆ ನಂಬಿಗಸ್ಥನೊಬ್ಬನಿರುವವನು, ಹೊರರೋಗಿಯಾಗಿಯೇ ಮಾತ್ರೆ ಪಡೆದು ಗುಣಹೊಂದಬಹುದು. ಖೋಲಿಯ ಒಬ್ಬ ಸಂಗಾತಿ ವಾರದ ಮಟ್ಟಿಗೆ ಮಾತ್ರೆಯ ಪೊಟ್ಟಣವನ್ನು ತನ್ನ ಕೈಯಲ್ಲಿಟ್ಟುಕೊಂಡರೆ ಅದು ಸಾವಿರಾರು ರೂಪಾಯಿಯ ಉಪಕಾರ.

ಭಾಷೆಯ ತೊಡಕೊಂದುಂಟು. ಮನಸ್ಸಿನ ಮಾತನ್ನು ಅರೆಬರೆ ಹಿಂದಿಯಲ್ಲಿ ಹೇಳಿಕೊಳ್ಳುವುದು ಕಷ್ಟ. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ ‘ಟೆಲಿ ಮಾನಸ್’ ಸೇವೆಗೆ 14416ನ್ನು ತಿರುಗಿಸಿ ಭಾಷೆಯನ್ನು ಆರಿಸಿಕೊಂಡರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ; ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಈ ಸೇವೆಯ ಮೂಲಸ್ತಂಭ. ಮಾದಕ ವ್ಯಸನಕ್ಕೆಂದೇ ಮೀಸಲಾದ ರಾಷ್ಟ್ರೀಯ ದೂರವಾಣಿ 14446; ಸರಕಾರದ ಅನುದಾನದಿಂದ ನಡೆಯುವ ಸಮೀಪದ ಉಚಿತ ಪುನರ್ವಸತಿ ಕೇಂದ್ರ ಯಾವುದೆಂಬುದನ್ನು ಅಲ್ಲಿ ಕೇಳಿ ತಿಳಿಯಬಹುದು.

ಕಾರ್ಮಿಕರ ರಾಜ್ಯ ವಿಮೆ

ಮುಂಬಯಿ ಕನ್ನಡಿಗರಲ್ಲಿ ಅತಿ ಹೆಚ್ಚು ಜನರ ಸಂಬಳಚೀಟಿಯಲ್ಲಿರುವ, ಆದರೆ ವ್ಯಸನದ ಸಂದರ್ಭದಲ್ಲಿ ಅತಿ ಕಡಿಮೆ ಜನರಿಗೆ ನೆನಪಾಗುವ ವಿಮೆಯೆಂದರೆ ಇ.ಎಸ್.ಐ. 1948ರ ಕಾಯಿದೆಯಿಂದ ಹುಟ್ಟಿದ ಈ ಯೋಜನೆ 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಗಳಲ್ಲಿ ಜಾರಿಗೆ ಬಂತು. 1954ರಲ್ಲಿ ಮುಂಬಯಿಗೆ ಕಾಲಿಟ್ಟಿತು. ಆಗ ಅದರ ಫಲಾನುಭವಿಗಳಲ್ಲಿ ಬಹುಪಾಲು ಗಿರಣಗಾವಿನ ಬಟ್ಟೆಗಿರಣಿಗಳ ಕೆಲಸಗಾರರು. 1982ರ ಜನವರಿಯಲ್ಲಿ ತೊಡಗಿದ ಮಹಾ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಕಣ್ಮುಚ್ಚಿದವು; ಯೋಜನೆ ಮಾತ್ರ ಉಳಿದು ಹೋಟೆಲು, ಅಂಗಡಿ, ಸಾರಿಗೆ, ಸಣ್ಣ ಕಾರಖಾನೆಗಳ ನೌಕರರನ್ನು ಒಳಗೊಂಡಿತು. 2017ರ ಜನವರಿಯಲ್ಲಿ ಸಂಬಳದ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. 2019ರ ಜುಲೈಯಲ್ಲಿ ವಂತಿಗೆಯನ್ನು ಇಳಿಸಿ ನೌಕರನಿಂದ ನೂರಕ್ಕೆ 0.75, ಮಾಲಿಕನಿಂದ 3.25 ಎಂದು ಗೊತ್ತುಮಾಡಲಾಯಿತು.

ಈ ಯೋಜನೆಯ ವಿಶೇಷವೆಂದರೆ ಹೊರರೋಗಿಯ ಔಷಧೋಪಚಾರವೂ ಇದರಲ್ಲಿ ಸೇರಿದೆ. ಇತರ ಸರಕಾರಿ ವಿಮೆಗಳು ಆಸ್ಪತ್ರೆಗೆ ಸೇರಿದಾಗ ಮಾತ್ರ ಎಚ್ಚೆತ್ತುಕೊಳ್ಳುತ್ತವೆ. ವ್ಯಸನದ ಚಿಕಿತ್ಸೆಯಾದರೋ ಬಹುಪಾಲು ಹೊರರೋಗಿ ವಿಭಾಗದಲ್ಲಿಯೇ ನಡೆಯತಕ್ಕದ್ದು. ಒಬ್ಬ ರೋಗಿಗೆ ಇಷ್ಟೇ ಖರ್ಚು ಎಂಬ ಗರಿಷ್ಠ ಮಿತಿಯೂ ಇದರಲ್ಲಿ ಇಲ್ಲ. ಕ್ರಮ ಹೀಗಿದೆ: ನೌಕರನು ತನ್ನ ವಿಮಾ ಸಂಖ್ಯೆಯೊಡನೆ ತನಗೆ ಗೊತ್ತುಮಾಡಿದ ದವಾಖಾನೆಗೋ, ಮುಂಬಯಿಯಲ್ಲಿ ರೂಢಿಯಲ್ಲಿರುವ ಪ್ಯಾನೆಲ್ ವೈದ್ಯರ ಬಳಿಗೋ ಹೋಗಬೇಕು, ಅವರು ಪರೇಲಿನ ಮಹಾತ್ಮಾ ಗಾಂಧಿ ಸ್ಮಾರಕ ಆಸ್ಪತ್ರೆ ಅಥವಾ ವರಳಿ, ಕಾಂದಿವಲಿ, ಮುಲುಂಡ, ಠಾಣೆಗಳ ಇ.ಎಸ್.ಐ. ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ಅಲ್ಲಿ ಬೇಕಾದ ಸೌಲಭ್ಯವಿಲ್ಲದಿದ್ದರೆ ಬೇರೆ ಆಸ್ಪತ್ರೆಗೆ ಅಲ್ಲಿಂದಲೇ ಶಿಫಾರಸು ಆಗಬೇಕು. ಈ ಸರಪಳಿಯ ಒಂದು ಕೊಂಡಿಯನ್ನು ತಪ್ಪಿಸಿ ನೇರವಾಗಿ ಖಾಸಗಿ ಕೇಂದ್ರಕ್ಕೆ ಸೇರಿದವನು ಆಮೇಲೆ ಬಿಲ್ಲು ಹಿಡಿದು ಬಂದರೆ ಹಣ ಸಿಗುವುದು ದುರ್ಲಭ.

ಪ್ಯಾನೆಲ್ ವೈದ್ಯರ ಮುಂದೆ ನಾಚಿಕೆಯಿಂದ ‘ಹೊಟ್ಟೆನೋವು’, ‘ನಿದ್ರೆಯಿಲ್ಲ’ ಎಂದು ಹೇಳಿ ಆಮ್ಲಪಿತ್ತದ ಗುಳಿಗೆ ತೆಗೆದುಕೊಂಡು ಬರುವವರೇ ಹೆಚ್ಚು. ‘ಕುಡಿತ ಬಿಡಬೇಕಾಗಿದೆ, ಮನೋವೈದ್ಯರಿಗೆ ಚೀಟಿ ಬರೆದುಕೊಡಿ’ ಎಂಬ ಒಂದು ವಾಕ್ಯವನ್ನು ಆಡಬೇಕು. ಅದನ್ನು ಆಡಿದವನ ಚಿಕಿತ್ಸೆ ಅಂದೇ ತೊಡಗಿತೆನ್ನಬಹುದು.

ಕೆಲಸ ತಪ್ಪಿದರೆ ಊರಿಗೆ ಹಣ ಕಳುಹಿಸುವುದು ಹೇಗೆಂಬ ಚಿಂತೆಗೂ ಇಲ್ಲಿ ಉತ್ತರವಿದೆ. ಆರು ತಿಂಗಳ ವಂತಿಗೆಯ ಅವಧಿಯಲ್ಲಿ 78 ದಿನಗಳ ವಂತಿಗೆ ಸಂದಿದ್ದರೆ, ವೈದ್ಯರು ರಜೆಯ ಪ್ರಮಾಣಪತ್ರ ಕೊಟ್ಟ ಕಾಲಕ್ಕೆ ಸಂಬಳದ ನೂರಕ್ಕೆ 70ರಷ್ಟು, ವರ್ಷಕ್ಕೆ 91 ದಿನಗಳ ತನಕ ಅಸ್ವಾಸ್ಥ್ಯ ಭತ್ಯೆ ದೊರೆಯುತ್ತದೆ. ಇನ್ನೊಂದು ಏರ್ಪಾಡಿನಲ್ಲಿ, ಕೆಲವು ದೀರ್ಘಕಾಲದ ರೋಗಗಳಿಗೆ ನೂರಕ್ಕೆ 80ರಂತೆ ಗರಿಷ್ಠ 2 ವರ್ಷಗಳ ತನಕ ಭತ್ಯೆಯುಂಟು. ಹೊಟ್ಟೆಯಲ್ಲಿ ನೀರು ತುಂಬಿದ ಯಕೃತ್ತಿನ ಸಿರೋಸಿಸ್ ಆ ಪಟ್ಟಿಯಲ್ಲಿದೆ. ಯಕೃತ್ತು ಬೆಂದುಹೋದ ಮೇಲೆ ಎರಡು ವರ್ಷಗಳ ಭತ್ಯೆಗೆ ಅರ್ಜಿ ಬರೆಯುವುದಕ್ಕಿಂತ, ಬೇಯುವ ಮೊದಲು ಮೂರು ವಾರಗಳ ಭತ್ಯೆಯನ್ನು ಕೇಳುವುದು ವಿವೇಕ. ಆದರೆ ಮೊದಲನೆಯದನ್ನು ಕೇಳಲು ಯಾರೂ ನಾಚುವುದಿಲ್ಲ, ಎರಡನೆಯದಕ್ಕೆ ಎಲ್ಲರೂ ನಾಚುತ್ತಾರೆ.

ಮಾಲಿಕನು ವಂತಿಗೆಯನ್ನು ಕಟ್ಟಿಯೇ ಇಲ್ಲದಿದ್ದರೆ? ಹಾಗೂ ಆಗುವುದುಂಟು. ನೌಕರನಿಗೆ ವಿಮಾ ಸಂಖ್ಯೆಯೇ ತಿಳಿದಿರದಿದ್ದರೆ ಕಾಯಿಲೆ ಬೀಳುವ ಮುನ್ನವೇ ಅದನ್ನು ಕೇಳಿಟ್ಟುಕೊಳ್ಳುವುದು ಒಳಿತು. ರೈಲ್ವೆ, ಬಂದರು ಮುಂತಾದೆಡೆ ಇರುವವರಿಗೆ ಅವರವರ ಇಲಾಖೆಯ ಆಸ್ಪತ್ರೆಗಳೇ ಇವೆ; ಅವರು ಆ ದಾರಿಯಲ್ಲಿ ಹೋಗತಕ್ಕದ್ದು.

ರೇಶನ್ ಕಾರ್ಡು ಕಾರ್ಕಳದಲ್ಲಿ, ರೋಗಿ ಕುರ್ಲಾದಲ್ಲಿ

ಮಹಾರಾಷ್ಟ್ರ ಸರಕಾರವು 2012ರ ಜುಲೈ 2ರಂದು ಮುಂಬಯಿಯೂ ಸೇರಿ ಎಂಟು ಜಿಲ್ಲೆಗಳಲ್ಲಿ ಆರಂಭಿಸಿ 2013ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಿಸಿದ ರಾಜೀವ ಗಾಂಧಿ ಜೀವನದಾಯಿ ಯೋಜನೆಯೇ 2017ರಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಎಂಬ ಹೆಸರನ್ನು ಪಡೆಯಿತು. 2018ರ ಸೆಪ್ಟೆಂಬರ್ 23ರಂದು ಕೇಂದ್ರದ ಆಯುಷ್ಮಾನ್ ಭಾರತ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ ಬಂತು. 2020ರ ಏಪ್ರಿಲಿನಲ್ಲಿ ಎರಡನ್ನೂ ಜೋಡಿಸಲಾಯಿತು. 2023ರ ಜುಲೈಯ ನಿರ್ಣಯದಂತೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ರಕ್ಷಣೆಯನ್ನು ಬಿಳಿಯ ಕಾರ್ಡಿನವರಿಗೂ ವಿಸ್ತರಿಸಲಾಯಿತು. ಮಾಹಿತಿಗೆ ದೂರವಾಣಿ 155388. ಕೇಂದ್ರ ಯೋಜನೆಗೆ 14555.

ವ್ಯಸನದ ಚಿಕಿತ್ಸೆಗೆ ಇವು ಎಷ್ಟು ಉಪಯುಕ್ತ? ಕೇಂದ್ರ ಯೋಜನೆಯ ಚಿಕಿತ್ಸೆಗಳ ಪಟ್ಟಿಯಲ್ಲಿ ಮಾದಕ ವಸ್ತುಗಳ ಸೇವನೆಯಿಂದ ಉಂಟಾದ ಮಾನಸಿಕ ಹಾಗೂ ವರ್ತನೆಯ ವಿಕಾರಗಳೆಂಬ ಒಂದು ಬಾಬು ಇದೆ. ಆದರೆ ಮಾನಸಿಕ ರೋಗದ ಬಾಬುಗಳನ್ನು ಸರಕಾರಿ ಆಸ್ಪತ್ರೆಗಳಿಗೆ ಮೀಸಲಿಡಲಾಗಿದೆ. ಎಂದರೆ ಕಾರ್ಡನ್ನು ತೋರಿಸಿ ಖಾಸಗಿ ವ್ಯಸನಮುಕ್ತಿ ಕೇಂದ್ರದಲ್ಲಿ ತಿಂಗಳುಗಟ್ಟಲೆ ಇರಬಹುದೆಂದು ಯಾರಾದರೂ ಹೇಳಿದರೆ ನಂಬಬಾರದು. ಈ ಯೋಜನೆಗಳು ಒಳರೋಗಿಗೆ ಮಾತ್ರ. ಮನೆಗೆ ಬಂದ ಮೇಲಿನ ತಿಂಗಳುಗಳ ಮಾತ್ರೆಗೂ ಸಮಾಲೋಚನೆಗೂ ಅನ್ವಯಿಸುವುದಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ‘ಆರೋಗ್ಯಮಿತ್ರ’ ಎಂಬ ಸಹಾಯಕ ಕುಳಿತಿರುತ್ತಾನೆ. ದಾಖಲಾಗುವ ಮುನ್ನ ಯಾವ ಬಾಬಿನಡಿಯಲ್ಲಿ ನೋಂದಣಿಯಾಗುವುದೆಂದು ಅವನನ್ನು ಸ್ಪಷ್ಟವಾಗಿ ಕೇಳಿಕೊಳ್ಳಬೇಕು.

ಹೋಟೆಲು ಕೆಲಸಗಾರರ ದೊಡ್ಡ ತೊಡಕು ಇನ್ನೊಂದು. ಇಪ್ಪತ್ತು ವರ್ಷ ಮುಂಬಯಿಯಲ್ಲಿದ್ದರೂ ಅವರ ರೇಶನ್ ಕಾರ್ಡು ಊರಿನದೇ. ಮಹಾರಾಷ್ಟ್ರದ ಯೋಜನೆಗೆ ಮಹಾರಾಷ್ಟ್ರದ ಕಾರ್ಡು ಅಥವಾ ನಿವಾಸದ ಪ್ರಮಾಣಪತ್ರ ಬೇಕು. ಆದರೆ ಕೇಂದ್ರ ಯೋಜನೆಯ ಪಟ್ಟಿಯಲ್ಲಿ ಸೇರಿದ ಕುಟುಂಬಕ್ಕೆ ರಾಜ್ಯದ ಗಡಿಯಿಲ್ಲ: ಕರ್ನಾಟಕದಲ್ಲಿ ಮಾಡಿಸಿದ ಆಯುಷ್ಮಾನ್ ಕಾರ್ಡನ್ನು ಮುಂಬಯಿಯ ನೋಂದಾಯಿತ ಆಸ್ಪತ್ರೆಯೂ ಮನ್ನಿಸಬೇಕು. ಜಾತ್ರೆಗೋ ಮದುವೆಗೋ ಊರಿಗೆ ಹೋದಾಗ ಈ ಕಾರ್ಡನ್ನು ಮಾಡಿಸಿ ಜೊತೆಗೆ ತರುವುದನ್ನು ಮರೆಯಬಾರದು.

ಖರೀದಿಸಿದ ಪಾಲಿಸಿಗಳ ಹನ್ನೆರಡನೆಯ ಕಲಮು

2017ರ ಕಾಯಿದೆಯ 21ನೆಯ ಕಲಮಿನ 4ನೆಯ ಉಪಕಲಮು, ದೇಹದ ರೋಗಕ್ಕಿರುವಂತೆಯೇ ಮನಸ್ಸಿನ ರೋಗಕ್ಕೂ ವಿಮೆಯ ಏರ್ಪಾಡು ಇರಬೇಕೆಂದು ಎಲ್ಲ ವಿಮಾ ಕಂಪನಿಗಳಿಗೆ ವಿಧಿಸಿದೆ. ವಿಮಾ ನಿಯಂತ್ರಣ ಪ್ರಾಧಿಕಾರವೂ 2018ರ ಆಗಸ್ಟ್ 16ರಂದು ಅದೇ ಆದೇಶವನ್ನು ಹೊರಡಿಸಿತು. ವ್ಯಸನವೂ ಮಾನಸಿಕ ಅಸ್ವಾಸ್ಥ್ಯವೆಂದು ಅದೇ ಕಾಯಿದೆ ಹೇಳುತ್ತಿರುವಾಗ ಹಾದಿ ಸುಗಮವೆನ್ನಿಸಬಹುದು. ಆದರೆ 2019ರಲ್ಲಿ ಅದೇ ಪ್ರಾಧಿಕಾರವು ಪಾಲಿಸಿಗಳಲ್ಲಿ ಬಳಸಬಹುದಾದ ಹೊರತುಪಡಿಕೆಗಳಿಗೆ ಒಂದೇ ಮಾದರಿಯ ಒಕ್ಕಣೆಯನ್ನು ಗೊತ್ತುಮಾಡಿದಾಗ, 12ನೆಯ ಸಂಖ್ಯೆಯಲ್ಲಿ ಮದ್ಯಾಸಕ್ತಿ, ಮಾದಕ ವಸ್ತುಗಳ ದುರ್ಬಳಕೆ ಅಥವಾ ಯಾವುದೇ ವ್ಯಸನದ ಚಿಕಿತ್ಸೆ ಮತ್ತು ಅದರ ಪರಿಣಾಮಗಳು ಎಂಬ ಸಾಲು ಉಳಿದುಕೊಂಡಿತು. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಸಿದುಕೊಂಡಂತಾಯಿತು.

‘ಪರಿಣಾಮಗಳು’ ಎಂಬ ಪದವನ್ನು ವಿಶೇಷವಾಗಿ ಗಮನಿಸಬೇಕು. ಯಕೃತ್ತಿನ ಅಥವಾ ಮೇದೋಜೀರಕದ ರೋಗಕ್ಕೆ ಹಣ ಕೇಳಿದಾಗ ಆಸ್ಪತ್ರೆಯ ಕಾಗದದಲ್ಲಿ ಕುಡಿತದ ಉಲ್ಲೇಖವಿದ್ದರೆ ಇದೇ ಸಾಲನ್ನು ತೋರಿಸಿ ನಿರಾಕರಿಸುವುದುಂಟು. ಹಾಗೆಂದು ವೈದ್ಯರಿಂದ ಕುಡಿತವನ್ನು ಮುಚ್ಚಿಡುವುದು ಮೂರ್ಖತನ. ಸೆಳವು ಬರುವ ರಾತ್ರಿ ಆ ಮರೆಮಾಚುವಿಕೆಯ ಬೆಲೆಯನ್ನು ರೋಗಿಯೇ ತೆರಬೇಕಾಗುತ್ತದೆ. ಪಾಲಿಸಿಯನ್ನು ಕೊಳ್ಳುವಾಗ ಈ ಕಲಮನ್ನು ಓದಬೇಕು. ಸಂಸ್ಥೆಗಳು ನೌಕರರಿಗಾಗಿ ಸಾಮೂಹಿಕ ಪಾಲಿಸಿ ಕೊಳ್ಳುವಾಗ ಈ ಹೊರತುಪಡಿಕೆಯನ್ನು ಸಡಿಲಿಸುವಂತೆ ಚೌಕಾಸಿ ಮಾಡಬಹುದು. ಹೋಟೆಲು ಮಾಲಿಕರು ಇದನ್ನು ಯೋಚಿಸತಕ್ಕದ್ದು. ನಿರಾಕರಣೆ ಅನ್ಯಾಯವೆನಿಸಿದರೆ ಮೊದಲು ಕಂಪನಿಗೇ ಬರೆದು, ಆಮೇಲೆ ವಿಮಾ ಲೋಕಪಾಲರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಮುಂಬಯಿಯಲ್ಲಿ ಅವರ ಕಚೇರಿಯಿದೆ.

ಸಂಸ್ಥೆಗಳು: ಒಳ್ಳೆಯವೂ ಉಳಿದವೂ

ಬಾಂದ್ರಾದ ಮೌಂಟ್ ಕಾರ್ಮೆಲ್ ಇಗರ್ಜಿಯ ಆವರಣದಲ್ಲಿ 1981ರಲ್ಲಿ ಫಾದರ್ ಜೋಸೆಫ್ ಪಿರೇರಾ ಆರಂಭಿಸಿದ ಕೃಪಾ ಪ್ರತಿಷ್ಠಾನವು ಈ ಕ್ಷೇತ್ರದಲ್ಲಿ ಮುಂಬಯಿಯ ಹಳೆಯ ಹೆಸರು. ಅಲ್ಲಿನ ಚಿಕಿತ್ಸೆಯಲ್ಲಿ ಯೋಗಾಭ್ಯಾಸಕ್ಕೆ ಮಹತ್ತ್ವದ ಸ್ಥಾನವಿದೆ. ಫಾದರ್ ಅದನ್ನು ಕಲಿತದ್ದು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿ ಪುಣೆಯಲ್ಲಿ ನೆಲೆಸಿದ್ದ ಬಿ.ಕೆ.ಎಸ್. ಅಯ್ಯಂಗಾರರಿಂದ ಎಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ. ಪುಣೆಯಲ್ಲಿ ಡಾ. ಅನಿತಾ ಅವಚಟ ಮತ್ತು ಮರಾಠಿ ಲೇಖಕ ಅನಿಲ ಅವಚಟ 1986ರಲ್ಲಿ ಸ್ಥಾಪಿಸಿದ ಮುಕ್ತಾಂಗಣವು ಮಹಾರಾಷ್ಟ್ರದಲ್ಲೆಲ್ಲ ಪ್ರಸಿದ್ಧ. ಊರಿನ ಕಡೆ, ಉಡುಪಿಯ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಮದ್ಯವ್ಯಸನಿಗಳಿಗೆ ಶಿಬಿರಗಳನ್ನು ನಡೆಸಿಕೊಂಡು ಬಂದಿದೆ. ಬಾಳಿಗರು ಮುಂಬಯಿಯಲ್ಲಿಯೇ ಹೆಸರು ಮಾಡಿದ ಶಸ್ತ್ರವೈದ್ಯರೆಂಬುದನ್ನು ಹಿರಿಯರು ಬಲ್ಲರು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ಹಳ್ಳಿಹಳ್ಳಿಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳೂ ಇವೆ. ಕುಡಿತ ತೀವ್ರವಾಗಿರುವವನು ವೈದ್ಯರ ಪರೀಕ್ಷೆಯಾದ ಮೇಲೆಯೇ ಶಿಬಿರಕ್ಕೆ ಹೋಗುವುದು ಕ್ಷೇಮ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಅನಾಮಿಕ ಮದ್ಯವ್ಯಸನಿಗಳ ಕೂಟದ ಸಭೆಗಳು ಮುಂಬಯಿಯ ಉಪನಗರಗಳಲ್ಲೆಲ್ಲ ನಡೆಯುತ್ತವೆ. ಅದಕ್ಕೆ ಚಂದಾ ಇಲ್ಲ, ಕಾರ್ಡು ಬೇಡ.

ಇವುಗಳ ಜೊತೆಗೆ ಬಾಡಿಗೆ ಬಂಗಲೆಗಳಲ್ಲಿ ಫಲಕ ತೂಗುಹಾಕಿದ ಕೇಂದ್ರಗಳೂ ಇವೆ. ನಡುರಾತ್ರಿ ಜೀಪು ತಂದು ರೋಗಿಯನ್ನು ಎತ್ತಿಕೊಂಡು ಹೋಗುತ್ತೇವೆ, ಮೂರು ತಿಂಗಳು ಮನೆಯವರು ನೋಡಬಾರದು ಎನ್ನುವವರ ಬಳಿಗೆ ಹೋಗಲೇಬಾರದು. ವ್ಯಸನಿಗಳನ್ನು ಇರಿಸಿಕೊಂಡು ಚಿಕಿತ್ಸೆ ಮಾಡುವ ಸಂಸ್ಥೆಯು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಾಯಿತವಾಗಿರಬೇಕು. ನೋಂದಣಿ ಪತ್ರವನ್ನು ತೋರಿಸೆಂದು ಕೇಳುವ ಹಕ್ಕು ಸೇರಿಸುವವರಿಗಿದೆ. ಸರಪಳಿಯಲ್ಲಿ ಕಟ್ಟುವುದನ್ನು 2017ರ ಕಾಯಿದೆಯ 95ನೆಯ ಕಲಮು ಯಾವ ರೂಪದಲ್ಲಿಯೂ ನಿಷೇಧಿಸಿದೆ. ರೋಗಿಯೇ ನಿರ್ಧರಿಸಲಾರದ ಸ್ಥಿತಿಯಲ್ಲಿದ್ದಾಗ ಮಾತ್ರ, ಅವನ ಪ್ರತಿನಿಧಿಯ ಅರ್ಜಿಯ ಮೇಲೆ, ವೈದ್ಯರ ಪರೀಕ್ಷೆಯಾದ ಬಳಿಕ 30 ದಿನಗಳ ತನಕ ಸೇರಿಸಿಕೊಳ್ಳಲು 89ನೆಯ ಕಲಮು ಅವಕಾಶ ಕೊಡುತ್ತದೆ.

ಮದ್ಯವನ್ನು ಬಿಟ್ಟು ಬ್ರೌನ್ ಶುಗರ್ ಅಥವಾ ‘ಎಂ.ಡಿ.’ಯಂಥ ಪುಡಿಯ ಚಟಕ್ಕೆ ಬಿದ್ದ ಹುಡುಗರ ತಂದೆತಾಯಿಗಳಿಗೆ ಪೊಲೀಸರ ಭಯ. 1985ರ ಮಾದಕ ದ್ರವ್ಯ ಕಾಯಿದೆಯ 64-ಎ ಕಲಮಿನಂತೆ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪಕ್ಕೆ ಒಳಗಾದ ವ್ಯಸನಿಯು ಸರಕಾರದಿಂದ ಮಾನ್ಯವಾದ ಆಸ್ಪತ್ರೆ ಅಥವಾ ಸಂಸ್ಥೆಯಲ್ಲಿ ಸ್ವಯಂ ಇಚ್ಛೆಯಿಂದ ಚಿಕಿತ್ಸೆಗೆ ಒಳಗಾದರೆ ಅವನಿಗೆ ಮೊಕದ್ದಮೆಯಿಂದ ವಿನಾಯಿತಿಯಿದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ವಿನಾಯಿತಿಯನ್ನು ಹಿಂತೆಗೆದುಕೊಳ್ಳಬಹುದು. ಮಾರಾಟದ ಆರೋಪಕ್ಕೆ ಇದು ಅನ್ವಯಿಸದು.

ಇನ್ನು, ಗುಣವಾಗಿ ಹಿಂದಿರುಗಿದವನ ವಿಚಾರ. ಮೊದಲ ವರ್ಷದಲ್ಲಿ ಮರಳಿ ಜಾರುವವರು ಬಹಳ. ಅದು ಈ ರೋಗದ ಸ್ವಭಾವ, ಮಧುಮೇಹದಲ್ಲಿ ಸಕ್ಕರೆ ಮತ್ತೆ ಏರಿದಂತೆ. ಜಾರಿದವನು ಅದೇ ಹಳೆಯ ಕೇಸ್ ಪೇಪರನ್ನು ಹಿಡಿದು ಅದೇ ವಿಭಾಗಕ್ಕೆ ಹೋಗಬಹುದು, ಯಾವ ವೈದ್ಯರೂ ಆಶ್ಚರ್ಯಪಡುವುದಿಲ್ಲ. ಆದರೆ ಕುರ್ಲಾದ ಆ ತರುಣನಂಥವನನ್ನು ಆಸ್ಪತ್ರೆಯಿಂದ ಬಂದ ಮರುದಿನವೇ ಮತ್ತೆ ಬಾರಿನ ಕೌಂಟರಿನ ಹಿಂದೆ ನಿಲ್ಲಿಸಿದರೆ ಯಾವ ವಿಮೆಯೂ ಅವನನ್ನು ಕಾಯಲಾರದು. ಅಡುಗೆಮನೆಗೋ ಉಗ್ರಾಣಕ್ಕೋ ಗಲ್ಲಾಕ್ಕೋ ಡ್ಯೂಟಿಯನ್ನು ಬದಲಿಸಿ ಕೊಡಬೇಕೆಂದು ಮಾಲಿಕರಿಗೆ ಬರೆದ ಒಂದು ಸಾಲಿನ ಚೀಟಿಯನ್ನು ಬಿಡುಗಡೆಯ ದಿನ ಮನೋವೈದ್ಯರಿಂದ ಕೇಳಿ ಪಡೆಯಬಹುದು. ಅದನ್ನು ಮಾಲಿಕರ ಕೈಗೆ ಕೊಡುವಾಗ ಸಂಘದ ಹಿರಿಯರೊಬ್ಬರು ಜೊತೆಗಿದ್ದರೆ ಕೆಲಸ ಇನ್ನೂ ಸುಲಭ.